ರಂಗೂನ್ ಬಳ್ಳಿ: ಮನೆಯಂಗಳದಲ್ಲಿ ಬೆಳೆಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ನಮ್ಮ ಮನೆಯ ಗೇಟಿನ ಮೇಲೆ ಹದಿನಾಲ್ಕು ವರ್ಷದ ಒಂದು ರಂಗೂನ್ ಬಳ್ಳಿ ಇದೆ. ಬೇಸಿಗೆಯ ಮೊದಲ ಮಳೆ ಬಿದ್ದು ಎರಡು ಮೂರು ವಾರ ಕಳೆದರೆ ಗೇಟು ಕಾಣದಷ್ಟು ಹೂ. ಸಂಜೆ ವಾಕಿಂಗ್ ಹೊರಟವರು ಅಲ್ಲಿ ನಿಂತು ಮೂಗರಳಿಸಿ, ಏನಾದರೊಂದು ಕೇಳಿಯೇ ಮುಂದೆ ಹೋಗುತ್ತಾರೆ. ಕೇಳಿದ್ದಕ್ಕೆಲ್ಲ ಗೇಟಿನ ಬಳಿಯೇ ನಿಂತು ಉತ್ತರ ಹೇಳಿ ಹೇಳಿ ಕೊನೆಗೆ ಬರೆದಿಟ್ಟುಬಿಡುವುದೇ ವಾಸಿ ಎನಿಸಿತು. ಒಂದು ಮಾತು ಮೊದಲೇ ಹೇಳುತ್ತೇನೆ: ಈ ಬಳ್ಳಿಯನ್ನು ಬದುಕಿಸುವುದು ಕಷ್ಟವಲ್ಲ, ಹದ್ದುಬಸ್ತಿನಲ್ಲಿಡುವುದು ಕಷ್ಟ. ಗೊಬ್ಬರದ ಚೀಲ ಇಲ್ಲದಿದ್ದರೂ ನಡೆಯುತ್ತದೆ, ಕತ್ತರಿ ಇಲ್ಲದೆ ನಡೆಯುವುದಿಲ್ಲ.

ಇದರ ಸರಿಯಾದ ಹೆಸರೇನು? ನರ್ಸರಿಯಲ್ಲಿ ಏನೆಂದು ಕೇಳಬೇಕು?

ರಂಗೂನ್ ಕ್ರೀಪರ್ ಎಂದರೆ ಯಾವ ನರ್ಸರಿಯವರಿಗಾದರೂ ಗೊತ್ತಾಗುತ್ತದೆ. ಹಿಂದಿಯಿಂದ ಬಂದ ಮಧುಮಾಲತಿ ಎಂಬ ಹೆಸರೂ ಈಗ ಇಲ್ಲಿ ಚಲಾವಣೆಯಲ್ಲಿದೆ. ತೆಲುಗಿನವರು ರಾಧಾಮನೋಹರ ಎನ್ನುತ್ತಾರೆ. ತಮಿಳಿನವರಿಗೆ ಇದು ರಂಗೂನ್ ಮಲ್ಲಿ. ಹೆಸರಿನಲ್ಲಿ ಮಲ್ಲಿಗೆ ಇದ್ದರೂ ಮಲ್ಲಿಗೆಗೂ ಇದಕ್ಕೂ ನಂಟಿಲ್ಲ. ಇದರ ದಾಯಾದಿಗಳು ನಮ್ಮ ಕಾಡಿನ ಮತ್ತಿ, ತಾರೆ, ಅಳಲೆ, ಹೊಳೆಯಂಚಿನ ನೀರುಮತ್ತಿ. ಅಷ್ಟು ದೊಡ್ಡ ಮರಗಳ ಮನೆತನದಲ್ಲಿ ಇಂಥ ನಾಜೂಕಿನ ಹೂಬಳ್ಳಿ ಹುಟ್ಟಿದ್ದು ಹೇಗೆ ಎಂದು ನನಗೂ ಮೊದಲು ಅನುಮಾನವಿತ್ತು. ಇದರ ಐದು ಏಣುಗಳ ಕಾಯನ್ನೂ ಐದು ರೆಕ್ಕೆಗಳ ಮತ್ತಿಯ ಕಾಯನ್ನೂ ಅಕ್ಕಪಕ್ಕ ಇಟ್ಟು ನೋಡಿದ ಮೇಲೆ ನಂಬಿದೆ.

ಸಸ್ಯಶಾಸ್ತ್ರದವರ ಹೆಸರು ಕಾಂಬ್ರೀಟಮ್ ಇಂಡಿಕಮ್. ಹಳೆಯ ಪುಸ್ತಕಗಳಲ್ಲಿ ಕ್ವಿಸ್ಕ್ವಾಲಿಸ್ ಇಂಡಿಕಾ ಎಂದಿರುತ್ತದೆ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1762ರಲ್ಲಿ ಇಟ್ಟ ಹೆಸರು ಅದು. ಲ್ಯಾಟಿನ್ನಿನಲ್ಲಿ ‘ಕ್ವಿಸ್’ ಎಂದರೆ ಯಾರು, ‘ಕ್ವಾಲಿಸ್’ ಎಂದರೆ ಎಂಥದ್ದು. ‘ಯಾರಿದು, ಎಂಥದ್ದಿದು’ ಎಂಬುದೇ ಗಿಡದ ಹೆಸರಾಯಿತು! ಈ ಹೆಸರನ್ನು ಲಿನೇಯಸ್‌ಗಿಂತ ಮುಂಚೆಯೇ ಬಳಸಿದವನು ರಂಫಿಯಸ್. ಡಚ್ ಕಂಪನಿಯ ನೌಕರನಾಗಿ ಇಂಡೋನೇಷ್ಯಾದ ಅಂಬೋನ್ ದ್ವೀಪದಲ್ಲಿ ನೆಲೆಸಿ, 1670ರಲ್ಲಿ ಕಣ್ಣು ಕಳೆದುಕೊಂಡ ಮೇಲೂ ಅಲ್ಲಿನ ಗಿಡಮರಗಳ ಬಗ್ಗೆ ಬರೆಸುತ್ತಲೇ ಹೋದವನು. ಮಲಯ್ ಭಾಷೆಯಲ್ಲಿ ಈ ಬಳ್ಳಿಗಿದ್ದ ‘ಉದಾನಿ’ ಎಂಬ ಹೆಸರು ಡಚ್ಚರ ಕಿವಿಗೆ ‘ಎಂಥದ್ದು’ ಎಂಬ ಅರ್ಥದ ತಮ್ಮದೇ ಪದದಂತೆ ಕೇಳಿಸಿತು, ಅದನ್ನೇ ಲ್ಯಾಟಿನ್ನಿಗೆ ತಂದರು ಎಂದು ಹೇಳುತ್ತಾರೆ. ಏನೇ ಇರಲಿ, ಗಿಡವನ್ನು ಒಂದೆರಡು ವರ್ಷ ಸಾಕಿದವರಿಗೆ ಈ ಹೆಸರು ಎಷ್ಟು ಒಪ್ಪುತ್ತದೆ ಎಂಬುದು ತಾನಾಗಿಯೇ ತಿಳಿಯುತ್ತದೆ.

ಕಾವ್ಯಗಳಲ್ಲಿ ಬರುವ ಮಾಧವಿ ಲತೆ ಇದೇ ಅಲ್ಲವೇ?

ಅಲ್ಲ. ಮಾಧವಿ ಬೇರೆ ಬಳ್ಳಿ. ಅದರ ಹೂವಿನ ಎಸಳುಗಳ ಅಂಚು ಝಾಲರಿ ಕಟ್ಟಿದಂತೆ ಹರಿದಿರುತ್ತದೆ. ಐದು ಬಿಳಿ ಎಸಳುಗಳಲ್ಲಿ ಒಂದಕ್ಕೆ ಮಾತ್ರ ಹಳದಿ ಬಳಿದಂತಿರುತ್ತದೆ. ಕಾಯಿಗೆ ಮೂರು ರೆಕ್ಕೆ, ಉದುರುವಾಗ ಗಿರಕಿ ಹೊಡೆಯುತ್ತದೆ. ಮಧುಮಾಲತಿ, ಮಾಲತಿ, ಮಾಧವಿ ಎಂಬ ಮೂರು ಹೆಸರು ಒಂದರ ಮೇಲೊಂದು ಬಿದ್ದು ಆಗಿರುವ ಗೊಂದಲ ಇದು. ಮಾಧವಿ ಬೇಕೆಂದು ಹೋಗಿ ರಂಗೂನ್ ಬಳ್ಳಿ ಹಿಡಿದು ಬಂದವರು ನನಗೇ ಮೂವರು ಗೊತ್ತು. ಅವರಾರೂ ಬೇಸರಪಟ್ಟುಕೊಂಡಿಲ್ಲ ಎನ್ನುವುದು ಬೇರೆ ಮಾತು.

ಒಂದೇ ಗೊಂಚಲಿನಲ್ಲಿ ಬಿಳಿ, ಗುಲಾಬಿ, ಕೆಂಪು ಮೂರೂ ಇವೆ. ಕಸಿ ಮಾಡಿದ ಗಿಡವೇ?

ಗೇಟಿನ ಬಳಿ ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದೇ. ಕಸಿಯೂ ಇಲ್ಲ, ಏನೂ ಇಲ್ಲ. ಮೂರೂ ಒಂದೇ ಹೂವಿನ ಮೂರು ದಿನಗಳು. ಹೂ ಅರಳುವುದು ಸಂಜೆ, ಹೊತ್ತು ಮುಳುಗುವ ಸಮಯಕ್ಕೆ. ಆಗ ಅದು ಬಿಳಿ. ಮರುದಿನ ಗುಲಾಬಿಗೆ ತಿರುಗುತ್ತದೆ, ಮೂರನೆಯ ದಿನಕ್ಕೆ ಕುಂಕುಮಗೆಂಪು. ಗೊಂಚಲಿನಲ್ಲಿ ದಿನಕ್ಕೆ ಕೆಲವು ಮೊಗ್ಗು ಬಿರಿಯುವುದರಿಂದ ಇಂದಿನದು, ನಿನ್ನೆಯದು, ಮೊನ್ನೆಯದು ಒಟ್ಟಿಗೆ ಕಾಣುತ್ತವೆ.

ಒಮ್ಮೆ ಕುರ್ಚಿ ಹಾಕಿಕೊಂಡು ಕುಳಿತು ನೋಡಿ. ಹೂವಿನ ಕೆಳಗೆ ತೊಟ್ಟಿನಂತೆ ಕಾಣುವ ಎರಡು ಮೂರು ಇಂಚಿನ ಹಸಿರು ಕಡ್ಡಿ ತೊಟ್ಟಲ್ಲ, ಟೊಳ್ಳಾದ ಕೊಳವೆ. ಅದರ ತಳದಲ್ಲಿ ಮಕರಂದ. ಹೊಸದಾಗಿ ಬಿರಿದ ಬಿಳಿ ಹೂ ಹೆಚ್ಚುಕಡಿಮೆ ಅಡ್ಡಲಾಗಿ ಮುಖ ಮಾಡಿ ನಿಂತಿರುತ್ತದೆ. ಕತ್ತಲಾಗುತ್ತಿದ್ದಂತೆ ಪರಿಮಳ ಏರುತ್ತದೆ. ಏಳೂಕಾಲರ ಸುಮಾರಿಗೆ, ಅದೃಷ್ಟವಿದ್ದರೆ, ಹೆಬ್ಬೆರಳ ಗಾತ್ರದ ಪತಂಗವೊಂದು ಸದ್ದಿಲ್ಲದೆ ಬಂದು ಹೂವಿನ ಮುಂದೆ ಗಾಳಿಯಲ್ಲಿ ನಿಂತುಬಿಡುತ್ತದೆ. ಇದು ಹಾಕ್ ಮಾತ್. ರೆಕ್ಕೆ ಬಡಿಯುವ ವೇಗಕ್ಕೆ ಬರೀ ಮಬ್ಬು ಕಾಣುತ್ತದೆ. ಸುರುಳಿ ಸುತ್ತಿಟ್ಟ ನಾಲಗೆಯನ್ನು ಬಿಚ್ಚಿ ಕೊಳವೆಯೊಳಗೆ ಇಳಿಸಿ, ಒಂದು ಕ್ಷಣ, ಮುಂದಿನ ಹೂವಿಗೆ. ಅಷ್ಟುದ್ದದ ಕೊಳವೆಯ ತಳ ಮುಟ್ಟುವ ನಾಲಗೆ ಅದಕ್ಕೇ ಇರುವುದು. ಬಿಳಿ ಬಣ್ಣ, ರಾತ್ರಿಯ ಪರಿಮಳ ಎರಡೂ ಆ ಅತಿಥಿಗಾಗಿ. ಬೆಳಗಾದ ಮೇಲೆ ಹೂ ಕೆಳಮುಖವಾಗಿ ಜೋಲುತ್ತದೆ, ಬಣ್ಣ ಬರುತ್ತದೆ. ಆಗ ಜೇನು, ಚಿಟ್ಟೆ, ಸೂರಕ್ಕಿಗಳ ಸರದಿ. ಕರಿ ದುಂಬಿಗಳಂತೂ ಬಾಗಿಲಿನಿಂದ ಬರುವ ಗೋಜಿಗೇ ಹೋಗದೆ ಕೊಳವೆಯ ಬುಡ ಸೀಳಿ ಮಕರಂದ ಕದಿಯುತ್ತವೆ. ಉದುರಿದ ಹೂವನ್ನು ಎತ್ತಿ ನೋಡಿದರೆ ಸೀಳಿದ ಗುರುತು ಸಿಗುತ್ತದೆ.

ಎಲ್ಲಿ ನೆಡಬೇಕು? ಯಾವ ಕಾಲ ಒಳ್ಳೆಯದು?

ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳುವ ಜಾಗ. ಇದರಲ್ಲಿ ರಾಜಿ ಬೇಡ. ನೆರಳಿನಲ್ಲೂ ಬದುಕುತ್ತದೆ, ಆದರೆ ಎಲೆ ನೋಡಿಕೊಂಡೇ ತೃಪ್ತಿಪಡಬೇಕು. ಕಾಲವೆಂದರೆ ಜೂನ್‌ನಿಂದ ಆಗಸ್ಟ್; ಮಳೆಗೆ ಬೇರು ಹಿಡಿದರೆ ಮುಂದಿನ ಬೇಸಿಗೆಗೆ ತಾನೇ ತಾಳಿಕೊಳ್ಳುತ್ತದೆ. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ. ತೆಗೆದ ಮಣ್ಣಿಗೆ ಮೂರರಲ್ಲೊಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ. ಮಣ್ಣು ಕೆಂಪೋ ಕಪ್ಪೋ ಎಂಬುದರ ಬಗ್ಗೆ ಇದಕ್ಕೆ ತಕರಾರಿಲ್ಲ, ನೀರು ನಿಲ್ಲಬಾರದು ಅಷ್ಟೆ.

ಕಾಂಪೌಂಡಿನಿಂದ ಕನಿಷ್ಠ ಎರಡು ಮೂರು ಅಡಿ ದೂರ ಬಿಡಿ. ಗೋಡೆಗೆ ಅಂಟಿಸಿ ನೆಟ್ಟರೆ ನಾಲ್ಕು ವರ್ಷದ ಬಳಿಕ ಬುಡದ ಹಿಂದೆ ಕೈ ಹಾಕುವುದಕ್ಕೂ ಆಗುವುದಿಲ್ಲ. ಅನುಭವದ ಮಾತು.

ತಂದು ಐದು ತಿಂಗಳಾಯಿತು. ಬಳ್ಳಿಯೇ ಆಗಿಲ್ಲ, ಪೊದೆಯಂತೆ ನಿಂತಿದೆ. ನರ್ಸರಿಯವರು ಬೇರೇನೋ ಕೊಟ್ಟಿರಬಹುದೇ?

ಬಹುಶಃ ಸರಿಯಾದದ್ದನ್ನೇ ಕೊಟ್ಟಿದ್ದಾರೆ. ಈ ಗಿಡದ ಬಾಲ್ಯ ಹೀಗೆಯೇ. ಸುಮಾರು ಮೂರು ಅಡಿಯ ಪೊದೆಯಾಗಿ ಕೆಲವು ತಿಂಗಳು ಕಳೆದು, ಆಮೇಲೆ ಒಂದು ದಿನ ಬುಡದಿಂದ ಉದ್ದನೆಯ ನೀಳ ಚಿಗುರೊಂದನ್ನು ಎಸೆಯುತ್ತದೆ. ಅಲ್ಲಿಂದ ಮುಂದೆ ಅದು ಬಳ್ಳಿ. ಗಿಡವಾಗಿದ್ದದ್ದು ಬಳ್ಳಿಯಾಗುವ ಈ ವೇಷ ಬದಲಾವಣೆಯೇ ರಂಫಿಯಸ್‌ನನ್ನು ಬೆರಗುಗೊಳಿಸಿದ್ದು.

ಆ ಮೊದಲ ಉದ್ದ ಚಿಗುರನ್ನು ‘ಗಿಡದ ಆಕಾರ ಕೆಡಿಸುತ್ತಿದೆ’ ಎಂದು ಕತ್ತರಿಸಿಬಿಡುವವರಿದ್ದಾರೆ. ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬರು ಹೀಗೆ ಎರಡು ವರ್ಷ ಕತ್ತರಿಸುತ್ತಲೇ ಇದ್ದು, ಬಳ್ಳಿ ಏಕೆ ಬೆಳೆಯುತ್ತಿಲ್ಲ ಎಂದು ನನ್ನನ್ನೇ ಕೇಳಿದರು. ಅದನ್ನು ಮೆಲ್ಲಗೆ ಆಧಾರಕ್ಕೆ ಕಟ್ಟಿ. ಉಳಿದ ಪೊದೆಯನ್ನು ಬೇಕಾದರೆ ಸವರಿ.

ಕುಂಡದಲ್ಲಿ, ಬಾಲ್ಕನಿಯಲ್ಲಿ ಬೆಳೆಸಬಹುದೇ?

ಬೆಳೆಸಬಹುದು. ಆದರೆ ಕುಂಡ ಎಂದರೆ ಕುಂಡವಲ್ಲ, ಡ್ರಮ್ಮು ಎಂದುಕೊಳ್ಳಿ. ಹದಿನೆಂಟು ಇಂಚಿಗಿಂತ ಚಿಕ್ಕದರಲ್ಲಿ ಹಾಕಬೇಡಿ. ಹಳೆಯ ದೊಡ್ಡ ಡ್ರಮ್ಮನ್ನು ಅರ್ಧಕ್ಕೆ ಕೊಯ್ದು, ತಳಕ್ಕೆ ಐದಾರು ತೂತು ಹಾಕಿದರೆ ಚೆನ್ನ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಕಾಂಪೋಸ್ಟ್, ಒಂದು ಪಾಲು ತೆಂಗಿನ ನಾರಿನ ಪುಡಿ. ಎರಡು ವರ್ಷಕ್ಕೊಮ್ಮೆ ಬೇರಿನ ಸುತ್ತಲಿನ ಹಳೆಯ ಮಣ್ಣನ್ನು ನಾಲ್ಕು ಬೆರಳಷ್ಟು ಕೆರೆದು ಹೊಸದು ತುಂಬಬೇಕು. ಕುಂಡದ ಬಳ್ಳಿ ನೆಲದ ಬಳ್ಳಿಯಂತೆ ಮಾಳಿಗೆ ಏರುವುದಿಲ್ಲ. ಬಾಲ್ಕನಿಗೆ ಅದು ಒಳ್ಳೆಯದೇ. ಪೂರ್ವ ಅಥವಾ ಪಶ್ಚಿಮಕ್ಕೆ ಮುಖ ಮಾಡಿದ ಬಾಲ್ಕನಿಯಾಗಿರಲಿ. ಅಪಾರ್ಟ್‌ಮೆಂಟಿನ ಉತ್ತರದ ಬಾಲ್ಕನಿಯಾದರೆ ಬೇರೆ ಗಿಡ ನೋಡಿಕೊಳ್ಳುವುದು ಲೇಸು.

ಆಧಾರ ಎಂಥದ್ದು ಬೇಕು?

ಗಟ್ಟಿಯಾದದ್ದು. ಇದಕ್ಕೆ ಹಾಗಲ, ಸೋರೆಗಳಂತೆ ಹಿಡಿದು ಸುತ್ತುವ ಎಳೆ ಕುಡಿಗಳಿಲ್ಲ. ಸಿಕ್ಕಿದ್ದರ ಮೇಲೆ ಒರಗಿ, ತೂರಿ, ಮುಳ್ಳು ಸಿಕ್ಕಿಸಿಕೊಂಡು ಮೇಲೇರುತ್ತದೆ. ಆದ್ದರಿಂದ ಮೊದಲ ವರ್ಷ ನೀವೇ ಹಳೆಯ ಹತ್ತಿಬಟ್ಟೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿ ದಾರಿ ತೋರಿಸಬೇಕು. ಬಿಗಿದ ತಂತಿ ಕಟ್ಟಿದರೆ ಕಾಂಡ ದಪ್ಪವಾದಾಗ ಅದು ತೊಗಟೆಯೊಳಗೆ ಹೂತುಹೋಗುತ್ತದೆ.

ಮೊದಲು ನಾನು ಬಿದಿರಿನ ಹಂದರ ಹಾಕಿಸಿದ್ದೆ. ನೋಡಲು ಚೆಂದವಿತ್ತು. ಮೂರನೆಯ ವರ್ಷದ ಮಳೆಗಾಲದಲ್ಲಿ, ನೆನೆದು ತೂಗುತ್ತಿದ್ದ ಬಳ್ಳಿಯ ಸಮೇತ ಒಂದು ರಾತ್ರಿ ಸ್ಕೂಟರಿನ ಮೇಲೆ ಕುಸಿಯಿತು. ಆಮೇಲೆ ಕಬ್ಬಿಣದ ಪೈಪಿನ ಕಮಾನು ಮಾಡಿಸಿದೆ, ಇಂದಿಗೂ ನಿಂತಿದೆ. ಪ್ಲಾಸ್ಟಿಕ್ ಬಲೆ, ಪಿವಿಸಿ ಪೈಪು ಇವೆಲ್ಲ ಒಂದೆರಡು ವರ್ಷದ ಮಾತು. ವಿದ್ಯುತ್ ತಂತಿ, ಕೇಬಲ್ ಹತ್ತಿರದಲ್ಲಿದ್ದರೆ ಆ ದಿಕ್ಕಿನ ಚಿಗುರನ್ನು ಎಳೆಯದಾಗಿದ್ದಾಗಲೇ ಚಿವುಟಿಬಿಡಿ. ತಂತಿಗೆ ಹಬ್ಬಿದ ಮೇಲೆ ನೀವಾಗಿ ಕೈ ಹಾಕಬೇಡಿ, ಲೈನ್‌ಮನ್ನರನ್ನು ಕರೆಯಿರಿ.

ನೀರು?

ನೆಟ್ಟ ಮೊದಲ ವರ್ಷ ಮಳೆ ಇಲ್ಲದ ದಿನಗಳಲ್ಲಿ ಎರಡು ಮೂರು ದಿನಕ್ಕೊಮ್ಮೆ. ನೆಲಕ್ಕೆ ಬೇರಿಳಿದ ಬಳ್ಳಿಗೆ ಕಡು ಬೇಸಿಗೆಯಲ್ಲಿ ವಾರಕ್ಕೆ ಒಂದೆರಡು ಬಕೆಟ್ ಸಾಕು. ಕುಂಡದ ಗಿಡಕ್ಕೆ ಮಾತ್ರ ಬೇಸಿಗೆಯಲ್ಲಿ ದಿನವೂ ಬೇಕು. ಬೆರಳನ್ನು ಮಣ್ಣಿಗೆ ಎರಡು ಗೆಣ್ಣಿನಷ್ಟು ಇಳಿಸಿ, ಒಣಗಿದ್ದರೆ ಹಾಕಿ.

ಎಲೆ ಸೊಂಪಾಗಿದೆ, ಹೂವೇ ಇಲ್ಲ. ಏನು ಗೊಬ್ಬರ ಹಾಕಲಿ?

ಏನೂ ಹಾಕಬೇಡಿ, ಹಾಕುತ್ತಿರುವುದನ್ನು ನಿಲ್ಲಿಸಿ. ಯೂರಿಯಾ, ಹಸಿ ಸಗಣಿ ನೀರು, ವಾರವಾರ ಗೋಕೃಪಾಮೃತದಂಥ ದ್ರವಗೊಬ್ಬರ ಎಂದು ಸಾರಜನಕ ಸುರಿದರೆ ಬಳ್ಳಿ ಎಲೆ ಬಿಡುತ್ತ ಸುಖವಾಗಿರುತ್ತದೆ, ಹೂವಿನ ಯೋಚನೆಯೇ ಬರುವುದಿಲ್ಲ. ಹೂ ಬಿಡದಿರುವುದಕ್ಕೆ ನಾನು ಕಂಡ ಕಾರಣಗಳು ಹೆಚ್ಚಿಲ್ಲ: ಬಿಸಿಲು ಸಾಲದು, ಸಾರಜನಕ ಹೆಚ್ಚು, ಇನ್ನೂ ವಯಸ್ಸಾಗಿಲ್ಲ, ಇಲ್ಲವೇ ತಪ್ಪು ಸಮಯದಲ್ಲಿ ಕತ್ತರಿ ಆಡಿಸಿದ್ದೀರಿ. ಕಡ್ಡಿಯಿಂದ ಮಾಡಿದ ಗಿಡ ಎರಡನೆಯ ವರ್ಷಕ್ಕೆ ಮೈತುಂಬ ಹೂ ಬಿಡುತ್ತದೆ, ಅದಕ್ಕೆ ಮುಂಚೆ ಅವಸರಪಡಿಸಬೇಡಿ.

ನಾನು ಕೊಡುವುದು ವರ್ಷಕ್ಕೆ ಎರಡು ಸಲ. ಫೆಬ್ರವರಿಯಲ್ಲಿ ಕತ್ತರಿಸಿದ ಮೇಲೆ ಎರಡು ಬುಟ್ಟಿ ಕಾಂಪೋಸ್ಟ್ ಮತ್ತು ಎರಡು ಹಿಡಿ ಮೂಳೆ ಪುಡಿ, ಜುಲೈಯಲ್ಲಿ ಇನ್ನೊಂದು ಬುಟ್ಟಿ ಕಾಂಪೋಸ್ಟ್. ಕುಂಡದಲ್ಲಿರುವುದಕ್ಕೆ ತಿಂಗಳಿಗೊಮ್ಮೆ ಎರೆಗೊಬ್ಬರ ಎರಡು ಹಿಡಿ. ಬಾಳೆಹಣ್ಣಿನ ಸಿಪ್ಪೆಯ ನೀರು, ಈರುಳ್ಳಿ ಸಿಪ್ಪೆಯ ನೀರು ಎಂದು ಮೊಬೈಲಿನಲ್ಲಿ ಬರುವುದನ್ನೆಲ್ಲ ಹಾಕಿ ನೋಡಿದ್ದೇನೆ. ಗಿಡಕ್ಕೆ ಹಾನಿಯಾಗಲಿಲ್ಲ, ಅಡುಗೆಮನೆಯಲ್ಲಿ ಗುಂಗುರು ಹುಳು ಹೆಚ್ಚಾದವು.

ಯಾವಾಗ ಕತ್ತರಿಸಬೇಕು? ಎಷ್ಟು? ಮನಸ್ಸೇ ಬರುವುದಿಲ್ಲ.

ಮನಸ್ಸು ಗಟ್ಟಿ ಮಾಡಿಕೊಳ್ಳಿ. ಈ ಬಳ್ಳಿ ಹೂ ಬಿಡುವುದು ಆ ವರ್ಷ ಹೊಸದಾಗಿ ಬಂದ ಚಿಗುರಿನ ತುದಿಯಲ್ಲಿ. ಹಳೆಯ ಕಟ್ಟಿಗೆಯನ್ನು ಹಾಗೆಯೇ ಇಟ್ಟುಕೊಂಡರೆ ಹೊಸ ಚಿಗುರು ಪ್ರತಿ ವರ್ಷ ಇನ್ನಷ್ಟು ಮೇಲಕ್ಕೆ ಹೋಗಿ ಅಲ್ಲೇ ಹೂ ಬಿಡುತ್ತದೆ. ಹೂವೆಲ್ಲ ಮೇಲಿನ ಮನೆಯ ಬಾಡಿಗೆದಾರರಿಗೆ, ಒಣ ಕಡ್ಡಿಯ ಗಂಟು ನಿಮಗೆ.

ದೊಡ್ಡ ಕತ್ತರಿಕೆ ವರ್ಷಕ್ಕೊಂದು, ಜನವರಿ ಕೊನೆಯಿಂದ ಫೆಬ್ರವರಿ ನಡುವಿನ ತನಕ. ಎಲೆ ಅರ್ಧ ಉದುರಿ ಬಳ್ಳಿ ಬಡವಾಗಿ ಕಾಣುವ ಹೊತ್ತು ಅದು. ಒಳಗಿನ ಎಲುಬುಗೂಡು ಚೆನ್ನಾಗಿ ಕಾಣುತ್ತದೆ. ಮೊದಲು ಒಣಗಿದವನ್ನೆಲ್ಲ ತೆಗೆಯಿರಿ. ಬಾಗಿಸಿದರೆ ಲಟಕ್ಕನೆ ಮುರಿಯುವುದು ಒಣಗಿದ್ದು, ಉಗುರಿನಿಂದ ಕೆರೆದರೆ ಹಸಿರು ಕಾಣುವುದು ಜೀವಂತ. ಬಳಿಕ ಬುಡದಿಂದ ಮೇಲೆದ್ದ ಮೂರು ನಾಲ್ಕು ಮುಖ್ಯ ಕಾಂಡಗಳನ್ನು ಆರಿಸಿಕೊಂಡು ಉಳಿದವನ್ನು ನೆಲಮಟ್ಟಕ್ಕೆ ಕೊಯ್ಯಿರಿ. ಉಳಿಸಿಕೊಂಡ ಕಾಂಡಗಳ ಅಡ್ಡಕೊಂಬೆಗಳನ್ನು ಎರಡು ಮೂರು ಗೆಣ್ಣಿಗೆ ಮೊಟಕು ಮಾಡಿ. ಮುಗಿದಾಗ ಬಳ್ಳಿ ನೋಡಿದರೆ ಅಳು ಬರಬೇಕು. ಬಂದರೆ ಸರಿಯಾಗಿ ಕತ್ತರಿಸಿದ್ದೀರಿ ಎಂದರ್ಥ. ಮೊದಲ ಸಲ ಹೀಗೆ ಮಾಡಿದಾಗ ಮನೆಯವರು ಎರಡು ದಿನ ನನ್ನೊಡನೆ ಮಾತು ಬಿಟ್ಟಿದ್ದರು. ಮಾರ್ಚ್ ನಡುವಿಗೆ ತಾಮ್ರದ ಬಣ್ಣದ ಚಿಗುರು ಬಂದ ಮೇಲೆ ರಾಜಿಯಾಯಿತು.

ಮಳೆಗಾಲದಲ್ಲಿ ಹೂ ಮುಗಿದ ಗೊಂಚಲುಗಳನ್ನು ಅವುಗಳ ಕೆಳಗಿನ ಎರಡು ಗೆಣ್ಣಿನ ಸಮೇತ ಸವರುತ್ತಿದ್ದರೆ ಮತ್ತೆ ಚಿಗುರಿ ಹೂವಾಗುತ್ತದೆ. ಏಪ್ರಿಲ್, ಮೇಯಲ್ಲಿ ಮಾತ್ರ ಕೈ ಹಾಕಬೇಡಿ. ಮೊಗ್ಗು ಕಟ್ಟುವ ತುದಿಗಳೇ ಆಗ ಇರುವುದು.

ಕತ್ತರಿಸುವ ಮುನ್ನ ಹಕ್ಕಿಗೂಡು ಇದೆಯೇ ನೋಡಿ. ಮೂರು ವರ್ಷದ ಹಿಂದೆ ಒಂದು ಜುಲೈ ಬೆಳಿಗ್ಗೆ, ಗೊಂಚಲು ಸವರುತ್ತ ಕೈ ಒಳಗೆ ಹಾಕಿದವನಿಗೆ ಬೆರಳಿಗೆ ಬೆಚ್ಚಗಿನದೇನೋ ತಗುಲಿತು. ಎಲೆ ಸರಿಸಿದರೆ ಅಂಗೈಯಷ್ಟು ಬಟ್ಟಲು, ಅದರಲ್ಲಿ ಕೆಂಪು ಚುಕ್ಕೆಯ ಎರಡು ಮೊಟ್ಟೆ. ಕೆಮ್ಮೀಸೆ ಪಿಕಳಾರದ ಜೋಡಿಯೊಂದು ಎದುರಿನ ತಂತಿಯ ಮೇಲೆ ಕುಳಿತು ನನಗೆ ಬೈಯುತ್ತಿತ್ತು. ಕತ್ತರಿ ಒಳಗಿಟ್ಟೆ. ಸುಮಾರು ಒಂದು ತಿಂಗಳು ಗೇಟನ್ನು ಅರ್ಧವೇ ತೆರೆದು ಓಡಾಡಿದೆವು, ಕಾರು ಬೀದಿಯಲ್ಲೇ ನಿಂತಿತು.

ಮುಳ್ಳಿದೆಯೇ?

ಇದೆ. ಎಲೆ ಉದುರಿದರೂ ಅದರ ತೊಟ್ಟಿನ ಬುಡ ಉದುರುವುದಿಲ್ಲ. ಒಣಗಿ, ಗಟ್ಟಿಯಾಗಿ, ಕೊಕ್ಕೆಯಂಥ ಮುಳ್ಳಾಗುತ್ತದೆ. ಎಳೆ ಬಳ್ಳಿ ಮುಟ್ಟಿ ‘ಮೆತ್ತಗಿದೆ’ ಎಂದುಕೊಂಡು ಹಳೆಯದಕ್ಕೆ ಬರಿಗೈ ಹಾಕಿದವರು ಗೀರಿಸಿಕೊಳ್ಳುತ್ತಾರೆ. ದಪ್ಪ ಕೈಗವಸು, ತುಂಬು ತೋಳಿನ ಅಂಗಿ ಬೇಕು. ಮಕ್ಕಳು ಓಡಾಡುವ ಎತ್ತರದಲ್ಲಿ ಹಳೆಯ ಕಾಂಡ ಚಾಚಿಕೊಂಡಿರದಂತೆ ನೋಡಿಕೊಳ್ಳಿ.

ಡಿಸೆಂಬರ್‌ನಲ್ಲಿ ಎಲೆಯೆಲ್ಲ ಹಳದಿಯಾಗಿ ಉದುರುತ್ತಿದೆ. ರೋಗವೇ?

ಚಳಿ. ಬಯಲುಸೀಮೆಯ ಚಳಿಗಾಲಕ್ಕೆ ಇದು ಅರ್ಧ ಎಲೆ ಉದುರಿಸುತ್ತದೆ. ಬೇಸಿಗೆಯಲ್ಲಿ, ಮಳೆಗಾಲದಲ್ಲಿ ಹೀಗಾದರೆ ಬುಡದಲ್ಲಿ ನೀರು ನಿಂತಿದೆಯೇ ನೋಡಿ. ಹೊಸ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಬೋರ್‌ವೆಲ್ಲಿನ ಗಡಸು ನೀರು ಹಾಕುವ ಕುಂಡಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಮಣ್ಣು ಬದಲಿಸಿ, ಮಳೆನೀರು ಸಿಕ್ಕಾಗ ಅದನ್ನು ಹಾಕಿ.

ಗೆಣ್ಣುಗಳಲ್ಲಿ ಬಿಳಿ ಹತ್ತಿಯಂಥದ್ದು ಅಂಟಿದೆ, ಇರುವೆಗಳೂ ಸಾಲುಗಟ್ಟಿವೆ.

ಹಿಟ್ಟು ತಿಗಣೆ. ರಸ ಹೀರಿ ಸಿಹಿ ಅಂಟು ವಿಸರ್ಜಿಸುತ್ತದೆ. ಆ ಸಿಹಿಗಾಗಿ ಬರುವ ಇರುವೆ ದನ ಕಾದಂತೆ ಅದನ್ನು ಕಾಯುತ್ತದೆ. ಸ್ವಲ್ಪವಿದ್ದರೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ಪೈಪಿನ ನೀರು ರಭಸವಾಗಿ ಬಿಟ್ಟರೆ ಆಯಿತು. ಹೆಚ್ಚಿದ್ದರೆ ಒಂದು ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನ ಎಣ್ಣೆ, ಎಣ್ಣೆ ನೀರಿನಲ್ಲಿ ಬೆರೆಯಲು ಕೆಲವು ಹನಿ ಸೋಪಿನ ದ್ರಾವಣ. ವಾರಕ್ಕೊಮ್ಮೆಯಂತೆ ಮೂರು ವಾರ, ಬಿಸಿಲು ಇಳಿದ ಮೇಲೆ, ಅರಳಿದ ಹೂಗಳನ್ನು ಬಿಟ್ಟು. ಇರುವೆಯ ದಾರಿ ಕಡಿಯದಿದ್ದರೆ ತಿಗಣೆ ಮತ್ತೆ ಬರುತ್ತದೆ. ಎಲೆ ತಿನ್ನುವ ಕಂಬಳಿಹುಳು ಕಂಡರೆ ಕಡ್ಡಿಯಿಂದ ತೆಗೆಯಿರಿ. ಇದಕ್ಕೆಲ್ಲ ಅಂಗಡಿಯ ಕಡು ವಿಷ ತಂದರೆ ಸಂಜೆಯ ಪತಂಗವೂ ಬೆಳಗಿನ ಜೇನೂ ಸೇರಿ ಹೋಗುತ್ತವೆ.

ಹೊಸ ಗಿಡ ಮಾಡುವುದು ಹೇಗೆ?

ಬೀಜಕ್ಕೆ ಕಾಯುವ ಅಗತ್ಯವಿಲ್ಲ. ಬುಡದ ಸುತ್ತ ಬೇರಿನಿಂದ ಕಂದು ಏಳುತ್ತಲೇ ಇರುತ್ತವೆ. ಮಳೆಗಾಲದಲ್ಲಿ ಗುದ್ದಲಿಯಿಂದ ಸುತ್ತ ಕಡಿದು, ಬೇರಿನ ತುಂಡಿನ ಸಮೇತ ಎತ್ತಿ ನೆಟ್ಟರೆ ಮುಗಿಯಿತು. ಕಂದು ಇಲ್ಲದಿದ್ದರೆ ಪೆನ್ಸಿಲ್ ದಪ್ಪದ, ತೀರ ಎಳೆಯದೂ ಅಲ್ಲದ ಬಲಿತದ್ದೂ ಅಲ್ಲದ ಕಡ್ಡಿಯನ್ನು ಆರೆಂಟು ಇಂಚು ಕತ್ತರಿಸಿ, ಕೆಳಗಿನ ಎಲೆ ತೆಗೆದು, ಎರಡು ಗೆಣ್ಣು ಮರಳುಮಿಶ್ರಿತ ಮಣ್ಣಿನೊಳಗೆ ಹೋಗುವಂತೆ ಊರಿ, ಮೇಲೆ ಪ್ಲಾಸ್ಟಿಕ್ ಕವರು ಮುಚ್ಚಿ ನೆರಳಿನಲ್ಲಿಡಿ. ತಿಂಗಳು, ಒಂದೂವರೆ ತಿಂಗಳಿಗೆ ಬೇರು ಬರುತ್ತದೆ. ಬಂದಿದೆಯೇ ಎಂದು ಎರಡು ದಿನಕ್ಕೊಮ್ಮೆ ಕಿತ್ತು ನೋಡಬೇಡಿ. ಎಲ್ಲಕ್ಕಿಂತ ಖಚಿತವಾದದ್ದು, ನೆಲಕ್ಕೆ ತಾಗುವ ಬಳ್ಳಿಯೊಂದನ್ನು ಬಾಗಿಸಿ, ನಡುಭಾಗವನ್ನು ಮಣ್ಣಿನಲ್ಲಿ ಹೂತು ಮೇಲೊಂದು ಕಲ್ಲು ಹೇರಿ ಮರೆತುಬಿಡುವುದು. ಎರಡು ಮೂರು ತಿಂಗಳ ಬಳಿಕ ತಾಯಿಬಳ್ಳಿಯಿಂದ ಬೇರ್ಪಡಿಸಿ.

ಇಷ್ಟು ಹೂ ಬಿಟ್ಟರೂ ಕಾಯಿ ಕಾಣುವುದಿಲ್ಲವಲ್ಲ? ಕಾಯಿ ತಿನ್ನಬಹುದೇ?

ಮನೆಗಳಲ್ಲಿ ಬೆಳೆಸಿದ ಬಳ್ಳಿಯಲ್ಲಿ ಕಾಯಿ ಅಪರೂಪ. ಹದಿನಾಲ್ಕು ವರ್ಷದಲ್ಲಿ ನಾನು ಕಂಡದ್ದು ಐದಾರು. ಇಂಚಿಗಿಂತ ಸ್ವಲ್ಪ ಉದ್ದ, ಐದು ಏಣು, ಬಲಿತಾಗ ಕಪ್ಪುಗಂದು. ಚೀನಾದಲ್ಲಿ ಇದರ ಬೀಜಕ್ಕೆ ಶಿಜುನ್‌ಜಿ ಎಂದು ಹೆಸರು. ಮಕ್ಕಳ ಹೊಟ್ಟೆಯ ಜಂತುಹುಳುವಿಗೆ ಅಲ್ಲಿನ ನಾಟಿ ವೈದ್ಯರು ಬಹಳ ಹಿಂದಿನಿಂದ ಕೊಡುತ್ತ ಬಂದಿದ್ದಾರೆ. ಬೀಜದಲ್ಲಿರುವ ಕ್ವಿಸ್ಕ್ವಾಲಿಕ್ ಆಮ್ಲ ನರಕೋಶಗಳನ್ನು ಕೆರಳಿಸುವಂಥದ್ದು. ನರವಿಜ್ಞಾನದ ಪ್ರಯೋಗಶಾಲೆಗಳಲ್ಲಿ ಅದಕ್ಕೆ ಬೇರೆಯೇ ಕೆಲಸವಿದೆ. ಹೆಚ್ಚು ತಿಂದರೆ ಬಿಕ್ಕಳಿಕೆ, ವಾಂತಿ, ತಲೆಸುತ್ತು. ಆದ್ದರಿಂದ ಮನೆಮದ್ದಿನ ಸಾಹಸ ಬೇಡ. ಮಕ್ಕಳ ಕೈಗೆ ಕಾಯಿ ಸಿಗದಂತೆ ನೋಡಿಕೊಳ್ಳಿ.

ಪರಿಮಳಕ್ಕೆ ಹಾವು ಬರುತ್ತದಂತೆ, ನಿಜವೇ?

ಸಂಪಿಗೆ, ಕೇದಗೆ, ರಾತ್ರಿರಾಣಿ ಎಲ್ಲದರ ತಲೆಗೂ ಕಟ್ಟಿದ ಆರೋಪ ಇದು. ಹಾವಿಗೆ ಹೂವಿನಿಂದ ಆಗಬೇಕಾದ್ದೇನೂ ಇಲ್ಲ. ಅದು ಬರುವುದು ಇಲಿ, ಕಪ್ಪೆ, ಓತಿಕ್ಯಾತಗಳನ್ನು ಹುಡುಕಿಕೊಂಡು, ಅಡಗಲು ಜಾಗ ಸಿಕ್ಕರೆ ನಿಲ್ಲುತ್ತದೆ. ವರ್ಷಗಟ್ಟಲೆ ಕತ್ತರಿ ಕಾಣದ ಬಳ್ಳಿಯ ಬುಡದಲ್ಲಿ ಒಣ ಕಡ್ಡಿ, ಎಲೆ, ಒಡೆದ ಕುಂಡ, ಹಳೆ ಹೆಂಚು ಪೇರಿಸಿಟ್ಟರೆ ಇಲಿ ಬರುತ್ತದೆ, ಅದರ ಹಿಂದೆ ಹಾವೂ ಬರಬಹುದು. ಬುಡದ ಎರಡು ಅಡಿ ಬರಿದಾಗಿ, ನೆಲ ಕಾಣುವಂತೆ ಇಟ್ಟುಕೊಳ್ಳಿ. ಮನೆಯ ಗೋಡೆಗೂ ಕಿಟಕಿಗೂ ತಾಗದಂತೆ ಸವರಿ.

ಗೋಡೆ, ಸಂಪು, ಹೆಂಚಿಗೆ ತೊಂದರೆಯೇ?

ಆಲ, ಅರಳಿಯಂತೆ ಗೋಡೆ ಸೀಳುವ ಬೇರಲ್ಲ. ಆದರೆ ಚಿಗುರು ತೂರುವುದರಲ್ಲಿ ಪಳಗಿದ್ದು. ಮಂಗಳೂರು ಹೆಂಚಿನ ಸಂದಿಯಲ್ಲಿ ಎಳೆಯದಾಗಿ ನುಗ್ಗಿ ಒಳಗೇ ದಪ್ಪವಾಗಿ ಹೆಂಚು ಎತ್ತುತ್ತದೆ. ಮಳೆನೀರಿನ ಪೈಪಿನೊಳಕ್ಕೂ ಇಳಿದೀತು. ಉದುರಿದ ಹೂವಂತೂ ಚರಂಡಿ ಕಟ್ಟಿಕೊಳ್ಳುವಂತೆ ಮಾಡುತ್ತದೆ. ಹೂವಿನ ಕಾಲದಲ್ಲಿ ದಿನವೂ ಗುಡಿಸಬೇಕು. ಪಕ್ಕದ ಮನೆಯ ಅಂಗಳಕ್ಕೂ ಉದುರಿದರೆ ಅದನ್ನೂ ನೀವೇ ಗುಡಿಸಿಕೊಡುವುದು ನೆರೆಹೊರೆಗೆ ಕ್ಷೇಮ.

ಒಂಟಿ ಸುತ್ತಿನದೋ, ಹೆಚ್ಚು ಎಸಳಿನದೋ?

ನರ್ಸರಿಗಳಲ್ಲಿ ಈಗ ಹೆಚ್ಚು ಎಸಳಿನದನ್ನೇ ಮುಂದೆ ಇಟ್ಟಿರುತ್ತಾರೆ. ಗೊಂಚಲು ತುಂಬಿಕೊಂಡು ಫೋಟೊಗೆ ಚೆನ್ನಾಗಿರುತ್ತದೆ. ನನ್ನ ಮೂಗಿಗೆ ಒಂಟಿ ಸುತ್ತಿನದರ ಪರಿಮಳವೇ ಹೆಚ್ಚು. ಪತಂಗಗಳೂ ಅಲ್ಲಿಗೇ ಹೋಗುವುದನ್ನು ಕಂಡಿದ್ದೇನೆ. ಜಾಗ ಒಂದಕ್ಕೇ ಇದ್ದರೆ ಒಂಟಿ ಸುತ್ತಿನದನ್ನು ತನ್ನಿ.

ದೇವರಿಗೆ ಏರಿಸಬಹುದೇ? ಮುಡಿಯಬಹುದೇ?

ಏರಿಸಬಾರದು ಎಂಬ ನಿಯಮವೇನೂ ನನಗೆ ಕಂಡಿಲ್ಲ. ನಮ್ಮ ಮನೆಯಲ್ಲಿ ಶ್ರಾವಣದ ಶನಿವಾರಗಳಲ್ಲಿ ಇದೇ ಹೂ. ಮುಡಿಯುವುದಕ್ಕೆ ದಾರವೇ ಬೇಡ. ಹಿಂದೆ ಆಕಾಶಮಲ್ಲಿಗೆಯನ್ನು ಹೆಣೆಯುತ್ತಿದ್ದರಲ್ಲ, ಹಾಗೆಯೇ ಉದ್ದ ಕೊಳವೆಗಳನ್ನು ಜಡೆಯಂತೆ ಒಂದರ ಮೇಲೊಂದು ಹಾಕಿ ಹೆಣೆದರೆ ಮಾಲೆಯಾಗುತ್ತದೆ. ಸಂಜೆ ಬಿಳಿಯ ಮಾಲೆ ಮುಡಿದ ಹುಡುಗಿ ಬೆಳಿಗ್ಗೆ ಎದ್ದಾಗ ತಲೆದಿಂಬಿನ ಮೇಲೆ ಗುಲಾಬಿ ಮಾಲೆ ಕಂಡು ಕೂಗಿಕೊಂಡದ್ದು ನಮ್ಮ ಮನೆಯಲ್ಲಿ ಈಗಲೂ ನಗೆಯ ಪ್ರಸಂಗ.

ಕರಾವಳಿಯಲ್ಲಿ, ಕಲಬುರಗಿ ಕಡೆ, ಹೊರದೇಶದಲ್ಲಿ ಬರುತ್ತದೆಯೇ?

ಮಂಗಳೂರು, ಕಾರವಾರದ ಕಡೆ ಬೆಳವಣಿಗೆ ವಿಪರೀತ. ಜೂನ್, ಜುಲೈಯ ಜಡಿಮಳೆಯಲ್ಲಿ ಹೂ ನೆನೆದು ಉದುರುತ್ತದೆ, ಮಳೆಗೆ ಮುಂಚೆ ಮತ್ತು ಆಮೇಲೆ ಚೆನ್ನಾಗಿರುತ್ತದೆ. ಬುಡವನ್ನು ದಿಬ್ಬ ಮಾಡಿ ನೆಡಿ. ಕಲಬುರಗಿ, ರಾಯಚೂರಿನ ಬಿಸಿಲು ಇದಕ್ಕೆ ಹೆದರಿಕೆಯಲ್ಲ, ನೀರು ತಪ್ಪಿಸಬೇಡಿ. ದುಬೈ, ಸಿಂಗಪುರದಲ್ಲಿರುವವರಿಗೂ ಚಿಂತೆಯಿಲ್ಲ. ಹಿಮ ಬೀಳುವ ಊರುಗಳಲ್ಲಿ ಇದು ಹೊರಗೆ ಬದುಕುವುದಿಲ್ಲ. ಅಮೆರಿಕದ ಟೆಕ್ಸಸ್, ಫ್ಲಾರಿಡಾಗಳಂಥ ಬೆಚ್ಚನೆಯ ಕಡೆ ಒಂದೆರಡು ರಾತ್ರಿಯ ಹಿಮಕ್ಕೆ ಮೇಲಿನದೆಲ್ಲ ಸುಟ್ಟರೂ ಬುಡಕ್ಕೆ ದಪ್ಪಗೆ ತರಗೆಲೆ ಹೊದಿಸಿದ್ದರೆ ಬೇಸಿಗೆಗೆ ಬೇರಿನಿಂದ ಚಿಗುರುತ್ತದೆ. ಆಸ್ಟ್ರೇಲಿಯಾದ ಈಶಾನ್ಯ ಭಾಗದಲ್ಲಿ ತೋಟ ದಾಟಿ ಹೊಳೆಯಂಚಿನ ಕಾಡು ಸೇರಿ ಕಳೆ ಎನಿಸಿಕೊಂಡಿದೆ. ಅಲ್ಲಿರುವವರು ನೆಡುವ ಮುನ್ನ ಸ್ಥಳೀಯ ನಿಯಮ ವಿಚಾರಿಸಿ.

ಸಾಕಾಯಿತು, ತೆಗೆಸಬೇಕು. ಹೇಗೆ?

ಮನೆ ಮಾರುವಾಗ, ರಿಪೇರಿ ಮಾಡಿಸುವಾಗ ಈ ಪ್ರಶ್ನೆ ಬರುತ್ತದೆ. ಬುಡ ಕಡಿದರೆ ಸಾಯುವುದಿಲ್ಲ. ಮೊದಲು ಮೇಲಿನದನ್ನು ತುಂಡು ತುಂಡಾಗಿ ಇಳಿಸಿ. ಒಟ್ಟಿಗೆ ಎಳೆದರೆ ಮುಳ್ಳು ಸಿಕ್ಕಿಕೊಂಡು ಹಂದರವೂ ಬರುತ್ತದೆ. ಬಳಿಕ ಬುಡದ ಸುತ್ತ ಎರಡು ಅಡಿ ಅಗೆದು ಮುಖ್ಯ ಬೇರುಗಳನ್ನು ಆದಷ್ಟೂ ಎತ್ತಿ. ಉಳಿದ ಬೇರಿನ ತುಂಡುಗಳಿಂದ ಕಂದು ಏಳುತ್ತಲೇ ಇರುತ್ತವೆ. ಕಂಡ ಕಂಡ ಹಾಗೆ, ನಾಲ್ಕೆಲೆ ಬಿಡುವ ಮುಂಚೆಯೇ, ಎರಡು ಮಳೆಗಾಲ ಕೀಳುತ್ತ ಹೋದರೆ ಬೇರಿನ ಕಸುವು ಮುಗಿಯುತ್ತದೆ. ಕಿತ್ತ ಕಂದನ್ನು ಎಸೆಯುವ ಮೊದಲು ಗೇಟಿನ ಹೊರಗೆ ಒಂದು ಬಕೆಟ್ ನೀರಿನಲ್ಲಿಟ್ಟು ನೋಡಿ. ನಮ್ಮ ಬೀದಿಯಲ್ಲಿ ಒಬ್ಬರು ಹಾಗೆ ಇಟ್ಟ ಹನ್ನೊಂದು ಕಂದುಗಳಲ್ಲಿ ಕತ್ತಲಾಗುವ ಹೊತ್ತಿಗೆ ಎರಡೇ ಉಳಿದಿದ್ದವು.